ಕೀಲಿಕೈ ಅಂಗಡಿಯವಳ ಅಭಿಪ್ರಾಯ

ಕೇಳಿದಿರಲ್ಲ, ಹೇಳುತ್ತೇನೆ. ಯಾರೂ ಕೇಳದಿದ್ದಾಗಲೂ
ಹೇಳುವವಳೇ ನಾನು.
ವೂಚ್ ನಗರದ ಹಳೇ ನೂಲಿನ ಗಿರಣಿಯ ಗೋಡೆಗೆ ಆತುಕೊಂಡು
ನಿಂತರೆ ಒಬ್ಬರು, ತಿರುಗಿದರೆ ಅರ್ಧ ಆಳು, ಅಷ್ಟೇ ನನ್ನ ಗೂಡಂಗಡಿ.
ಮೊಳೆಗೆ ತೂಗಿದ ಸಾವಿರ ಕುರುಡು ಕೀಲಿ,
ಮೂಲೆಯಲ್ಲಿ ಅಂಗೈಯಗಲದ ಟೀವಿ.

ಈಗಿನ ತಾರೆಯರ ಬಗ್ಗೆ ನನಗೆ ಮರುಕವಿದೆ, ಗೌರವವಿಲ್ಲ.
ಅಡುಗೆಮನೆ ತೋರಿಸುತ್ತಾರೆ, ಬಚ್ಚಲು ತೋರಿಸುತ್ತಾರೆ,
ಡೈವೋರ್ಸಾದರೆ ನಾಯಿ ಯಾರ ಪಾಲಿಗೆಂದು ಊರಿಗೆಲ್ಲ ಡಂಗುರ.
ಮನೆಗೆ ಬಾಗಿಲೇ ಇಲ್ಲದ ಜನ ಇವರು;
ನನ್ನ ಕಸುಬಿಗೆ ಇವರಿಂದ ಮೂರು ಕಾಸಿನ ಲಾಭವಿಲ್ಲ.

ಹಾಡಿನ ಸ್ಪರ್ಧೆಯಲ್ಲಿ ಐದನೆಯವನಾಗಿ ಬಂದ ಹುಡುಗ
ಮೋಡ ಕವಿದ ಮಂಗಳವಾರ ಕಪ್ಪು ಕನ್ನಡಕದಲ್ಲಿ ಬಂದ,
ಸೈಕಲ್ ಬೀಗಕ್ಕೆ.
ಕನ್ನಡಕ ತೆಗೆದ, ಹಾಕಿದ, ಮತ್ತೆ ತೆಗೆದ.
ಗುರುತು ಸಿಕ್ಕಿತ್ತು ನನಗೆ. ಹೇಳಲಿಲ್ಲ.
ಹನ್ನೆರಡು ಜ್ಲಾಟಿ ಎಂದೆ. ಪಾಪ, ಚೆನ್ನಾಗಿಯೇ ಹಾಡುತ್ತಾನೆ,
ಆದರೆ ಪ್ರತಿ ಸಾಲಿನ ತುದಿಗೂ ಒಂದು ಬಿಕ್ಕಳಿಕೆ ಕಟ್ಟುತ್ತಾನೆ,
ಅಳು ಬಾರದ ಮಗುವನ್ನು ಚಿವುಟಿದ ಹಾಗೆ.

ನನಗೆ ಬೇಕಾದ ದನಿ ಒಂದೇ. ಹೆಸರು ಝೆನೋನ್ ಪಾವ್ಲಿಷಾಕ್,
ಮುಖ ಯಾರೂ ಕಂಡದ್ದಿಲ್ಲ.
ನಿಮ್ಮ ಕಡೆ ಹೇಗೋ, ನಮ್ಮಲ್ಲಿ ಪರದೇಶದ ಸಿನಿಮಾ ಟೀವಿಗೆ ಬಂದರೆ
ಒಬ್ಬನೇ ಗಂಡಸು ಎಲ್ಲರ ಮಾತನ್ನೂ ಓದುತ್ತಾನೆ:
ನಾಯಕನದು, ನಾಯಕಿಯದು, ಹೆರಿಗೆ ನೋವಿನವಳದು,
ಕೊಲೆಗಾರನದು, ಏಳು ವರ್ಷದ ಹುಡುಗಿಯದು,
ರೈಲಿನ ವೇಳಾಪಟ್ಟಿ ಓದಿದ ಹಾಗೆ.
ಅಡಿಯಲ್ಲೆಲ್ಲೋ, ಬಾವಿಯ ತಳದಲ್ಲೆಂಬಂತೆ, ನಟಿ ಚೀರುತ್ತಿರುತ್ತಾಳೆ;
ಮೇಲೆ ಈತ: "ನನ್ನನ್ನು ಬಿಟ್ಟು ಹೋಗಬೇಡ." ಪೂರ್ಣವಿರಾಮ.

ನನ್ನ ಸೊಸೆ ನಗುತ್ತಾಳೆ. ಅವಳಿಗೆ ಪಾತ್ರಕ್ಕೊಂದು ದನಿ ಬೇಕು,
ದನಿಗೊಂದು ನಡುಕ ಬೇಕು, ನಡುಕದ ಕೆಳಗೆ ಪಿಟೀಲು ಬೇಕು.
ಇರಲಿ. ಅವಳಿಗಿನ್ನೂ ಆಸ್ಪತ್ರೆಯಿಂದ ಫೋನು ಬಂದಿಲ್ಲ.
ನನಗೆ ಬಂದಿತ್ತು. ಯಾರೋ ನರ್ಸು,
"ನಾಲ್ಕು ಹತ್ತಕ್ಕೆ ಹೋದರು. ಬಟ್ಟೆಗೆ ಚೀಲ ತನ್ನಿ" ಎಂದಳು.
ಪಿಟೀಲು ಇರಲಿಲ್ಲ. ಒಲೆಯ ಮೇಲೆ ಬೀಟ್‌ರೂಟ್ ಸಾರು ಉಕ್ಕಿತು.
ಅಂದಿನಿಂದ, ನಟರು ಎದೆ ಬಡಿದುಕೊಳ್ಳುವುದು ಕಂಡರೆ
ಟೀವಿಯ ಕಿವಿ ಹಿಂಡಿ ಸುಮ್ಮನಾಗಿಸುತ್ತೇನೆ.

ಕಳೆದ ಚಳಿಗಾಲ ಕಿಟಕಿಯಲ್ಲಿ ಒಂದು ಉಣ್ಣೆ ಟೋಪಿ.
"ಇದರ ಹಾಗೆ ಇನ್ನೊಂದು ಮಾಡಿಕೊಡಿ. ಅವಸರವಿಲ್ಲ."
ಕೈಯಲ್ಲಿದ್ದ ಅರ ಜಾರಿತು.
ಆ ಗಂಟಲಲ್ಲಿ ಎಷ್ಟು ಜನ ಪ್ರೀತಿಸಿದ್ದರು, ಎಷ್ಟು ಹಡಗು ಮುಳುಗಿದ್ದವು,
ನನ್ನ ಗಂಡ ಸೋಫಾದಲ್ಲಿ ಬಾಯಿ ತೆರೆದು ನಿದ್ದೆ ಹೋದ
ಎಷ್ಟು ಭಾನುವಾರಗಳು!

ಹಸ್ತಾಕ್ಷರ ಕೇಳೋಣವೆನಿಸಿತು. ಕೇಳಲಿಲ್ಲ.
ಇಷ್ಟು ವರ್ಷ ಊರನ್ನು ಆಡಿಕೊಂಡ ಬಾಯಿ, ಅದಕ್ಕೂ ಮಾನವಿದೆ.
"ಯಾರ ಮನೆಯದು?" ಎಂದೆ.
"ನನ್ನದೇ. ಪಕ್ಕದ ಮನೆಯಾಕೆಗೆ ಕೊಡಲು.
ಒಬ್ಬನೇ ಇರುತ್ತೇನೆ. ಬಿದ್ದರೆ ಯಾರಾದರೂ ಒಳಗೆ ಬರಬೇಕಲ್ಲ."
ಅದೇ ವೇಳಾಪಟ್ಟಿ.

ಯಂತ್ರ ಕಿರುಚಿತು, ಹಿತ್ತಾಳೆಯ ಹುಡಿ ಮಡಿಲಿಗೆ ಬಿತ್ತು.
ಆರು ಹಲ್ಲು ಆ ಕೀಲಿಗೆ. ಐದನ್ನು ನೆಟ್ಟಗೆ ತೀಡಿದೆ,
ಕೊನೆಯದನ್ನು ಕೂದಲೆಳೆಯಷ್ಟು ದಪ್ಪ ಬಿಟ್ಟೆ.
ಮೂವತ್ತೊಂದು ವರ್ಷದ ಕಸುಬಿನಲ್ಲಿ ಅದೊಂದೇ ಮೋಸ.
"ತೆರೆಯದಿದ್ದರೆ ಮತ್ತೆ ತನ್ನಿ" ಎಂದೆ,
ಆದಷ್ಟೂ ಏರಿಳಿತವಿಲ್ಲದೆ.

ಗುರುವಾರ ಬಂದರು. "ತೆರೆಯಲಿಲ್ಲ" ಎಂದರು.
ಟೀವಿ ಆರಿಸಿದೆ.